ಖೋಲಿಯ ಗೋಡೆಯಲ್ಲಿ ಕೂಗಿದ ಉಗಿ

ಮುಂಬಯಿಯಲ್ಲಿ ಮನೆಯೊಳಗೆ ಉಗಿಯ ಪೈಪು ಇದೆ ಎಂದರೆ ಯಾರೂ ನಂಬುವುದಿಲ್ಲ. ಈ ಊರಿನ ಸೆಕೆ ಸಾಲದೆಂದು ಉಗಿ ಬೇರೆಯೇ ಎಂದು ನಗುತ್ತಾರೆ. ನಗಲಿ. ನಾವಿರುವುದು ಸಾಂತಾಕ್ರೂಜ್‌ನಲ್ಲಿ, ಸ್ಟೇಷನ್ನಿನಿಂದ ನಡೆದೇ ಬರಬಹುದಾದಷ್ಟು ದೂರದಲ್ಲಿ, ಒಂದು ಉಡುಪಿ ಹೋಟೆಲಿನ ನೆತ್ತಿಯ ಮೇಲೆ. ನನ್ನ ಗಂಡ ಆ ಹೋಟೆಲಿನ ಗಲ್ಲಾದಲ್ಲಿ ಮ್ಯಾನೇಜರ್ ಆಗಿ ಕೂತು ಆಯುಷ್ಯ ಸವೆಸಿದವರು. ಅವರ ಕಣ್ಣು ಮಂಜಾಗಿ ಕೆಲಸ ಬಿಡಬೇಕಾಗಿ ಬಂದಾಗ, ಹೋಟೆಲಿನ ಯಜಮಾನರು, ನಾವು ದೊಡ್ಡ ಧಣಿಗಳು ಎನ್ನುತ್ತಿದ್ದವರು, "ನೀವಿಬ್ಬರು ಇರುವಷ್ಟು ದಿನ ಮೇಲಿನ ಖೋಲಿ ನಿಮ್ಮದೇ" ಎಂದರು. ಬರೀ ಬಾಯಿಮಾತು. ಆ ಮೇಲೆ ಅವರು ತೀರಿಹೋದರು. ಗಲ್ಲಾಕ್ಕೆ ಅವರ ಮಗ ಬಂದ. ಇಲ್ಲೇ ಹುಟ್ಟಿ ಬೆಳೆದ ಹುಡುಗ, ಹಿಂದಿಯಲ್ಲಿ ಯೋಚಿಸಿ ಕನ್ನಡದಲ್ಲಿ ಮಾತಾಡುವವನು. ನಾವು ಅವನನ್ನು ಸಣ್ಣ ಧಣಿ ಎನ್ನುತ್ತೇವೆ. ನಮಗೆ ಮಕ್ಕಳಿಲ್ಲ, ಊರಿನಲ್ಲಿ ನಮ್ಮದೆನ್ನುವ ಒಂದು ಗೋಡೆಯೂ ಇಲ್ಲ. ಅಪ್ಪ ಕೊಟ್ಟ ಮಾತನ್ನು ಮಗ ಉಳಿಸಿದರೆ ತಲೆಯ ಮೇಲೆ ಸೂರು, ಇಲ್ಲವಾದರೆ ಬೀದಿ. ಆ ಒಂದು ಚಿಂತೆ ಊಟ ಮಾಡುವಾಗಲೂ ನನ್ನ ಪಕ್ಕದಲ್ಲೇ ಕೂತಿರುತ್ತಿತ್ತು.

ಪೈಪಿನ ಕಥೆ ಹೇಳುತ್ತೇನೆ. ಕೆಳಗೆ ಅಡುಗೆಮನೆಯ ಹಿಂದೆ ಒಂದು ಬಾಯ್ಲರ್ ಇದೆ. ಅಲ್ಲಿಂದ ಉಗಿ ಹೊರಟು ಇಡ್ಲಿ ಪೆಟ್ಟಿಗೆಗೆ, ಅನ್ನದ ಹಂಡೆಗೆ, ಸಾಂಬಾರಿನ ದೊಡ್ಡ ಪಾತ್ರೆಗೆ ಹೋಗುತ್ತದೆ. ದೊಡ್ಡ ಧಣಿಗಳು ಅದರ ಒಂದು ಕವಲನ್ನು ನಮ್ಮ ಬಚ್ಚಲಿಗೂ ಎಳೆಸಿ, ತಾಮ್ರದ ಹಂಡೆಯೊಳಗೆ ಸುರುಳಿ ಸುತ್ತಿಸಿಕೊಟ್ಟಿದ್ದರು. ಬೆಳಿಗ್ಗೆ ಕೆಳಗೆ ಇಡ್ಲಿ ಬೇಯುವ ಹೊತ್ತಿಗೆ ಮೇಲೆ ನಮ್ಮ ಸ್ನಾನದ ನೀರು ತಾನಾಗಿ ಕಾಯುತ್ತಿತ್ತು. ಪ್ರತಿ ಕವಲಿನ ತುದಿಯಲ್ಲೂ ಹೆಬ್ಬೆರಳಿನಷ್ಟು ದಪ್ಪದ ಒಂದು ಹಿತ್ತಾಳೆಯ ಸಾಮಾನು ಇರುತ್ತದೆ, ಅದರ ನೆತ್ತಿಯಲ್ಲಿ ಸೂಜಿ ತೂರುವಷ್ಟು ಸಣ್ಣ ತೂತು. ಹೋಟೆಲಿನವರ ಬಾಯಲ್ಲಿ ಅದು ಸೀಟಿ. ಉಗಿ ಬರುವ ಮೊದಲು ಪೈಪಿನೊಳಗಿನ ಗಾಳಿಯನ್ನು ಅದು ಹೊರಗೆ ಬಿಡುತ್ತದೆ; ಬಿಸಿ ಉಗಿ ತಾಗಿದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಮೂರು ಸೀಟಿ, ನಮ್ಮ ಬಚ್ಚಲಿನಲ್ಲಿ ಒಂದು. ನಮ್ಮದು ದಿನಾ ಬೆಳಿಗ್ಗೆ ಸ್ವಲ್ಪ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿತ್ತು.

ಆ ವರ್ಷ ದಸರಾ ಕಳೆದು ಕೆಲವು ದಿನವಾಗಿತ್ತು. ನಾನು ಹಾಲು ಕಾಯಿಸುತ್ತಿದ್ದೆ. ಬಚ್ಚಲಿನಿಂದ ಸುಂಯ್ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಏರುತ್ತಾ ಏರುತ್ತಾ ಕಿವಿ ಕೊರೆಯತೊಡಗಿತು. ಅದರ ಬೆನ್ನಿಗೇ ಮಂಚದ ಪಕ್ಕದ ಗೋಡೆಯಲ್ಲಿ ಟಣ್, ಟಣ್, ಟಟಣ್ ಎಂದು ಯಾರೋ ಸುತ್ತಿಗೆ ತೆಗೆದುಕೊಂಡು ಬಡಿದ ಹಾಗೆ ಸದ್ದು. ನನ್ನ ಗಂಡ ಎದ್ದು ಕೂತರು, ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.

"ಎಂತದು ಅದು? ಗ್ಯಾಸಾ?"

"ಗ್ಯಾಸಲ್ಲ. ನಿಮ್ಮ ಸಣ್ಣ ಧಣಿ."

"ಬೆಳಿಗ್ಗೆ ಬೆಳಿಗ್ಗೆ ಶುರು ಮಾಡಿದೆಯಾ ನೀನು?"

ಹೌದು, ಶುರು ಮಾಡಿದ್ದೆ. ನನಗೆ ಕಾರಣಗಳಿದ್ದವು. ಗಣೇಶ ಹಬ್ಬಕ್ಕೆ ಮೊದಲು ಅವನು "ಮಾಮಿ, ಸೀಲಿಂಗ್ ಸೋರ್ತದಾ ನೋಡ್ಬೇಕಿತ್ತು" ಎಂದು ಒಬ್ಬ ಅಪರಿಚಿತನನ್ನು ಕರೆದುಕೊಂಡು ಬಂದಿದ್ದ. ಬಂದವನು ಸೀಲಿಂಗ್ ನೋಡಲೇ ಇಲ್ಲ. ಕಿಟಕಿಯಿಂದ ಬಾಗಿಲಿನವರೆಗೆ ಹೆಜ್ಜೆ ಹಾಕಿ ನಡೆದ. ಸೋರುವುದನ್ನು ನೋಡಲು ಬಂದವರು ನೆಲ ಅಳೆಯುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅವನ ಹೆಂಡತಿ ಪ್ರಸಾದ ಕೊಡಲು ಬಂದವಳು ಖೋಲಿಯನ್ನೆಲ್ಲ ಕಣ್ಣಾಡಿಸಿ "ಎಷ್ಟು ಗಾಳಿ ಬೆಳಕು ಅಲ್ವಾ ಇಲ್ಲಿ" ಎಂದಳು. ನಮ್ಮ ಖೋಲಿಯ ಗಾಳಿ ಬೆಳಕಿನ ಉಸಾಬರಿ ಅವಳಿಗೇಕೆ? ಅಂಧೇರಿಯಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿದೆ. ಅವಳು ಉರಿಯುವುದಕ್ಕೆ ಎಣ್ಣೆ ಹೊಯ್ಯುವುದರಲ್ಲಿ ನನಗಿಂತ ಒಂದು ಕೈ ಮೇಲು.

"ಅಕ್ಕ, ಇಲ್ಲೂ ಹೀಗೇ ಮಾಡುದು. ಮೊದಲು ನೀರು ನಿಲ್ಲಿಸ್ತಾರೆ, ಇಲ್ಲದಿದ್ರೆ ಏನಾದ್ರೂ ಸದ್ದು ಗದ್ದಲ ಮಾಡ್ತಾರೆ. ಸಾಕಾಗಿ ನಾವೇ ಹೋಗ್ಬೇಕು, ಅವರ ಕೈಗೆ ಕೆಸರು ತಾಗ್ಬಾರ್ದು. ನೀನು ಖೋಲಿ ಬಿಟ್ಟು ಒಂದು ದಿನ ಸಹ ಅತ್ತ ಇತ್ತ ಹೋಗ್ಬೇಡ."

ನಾನು ಕೆಳಗಿಳಿದು ಗಲ್ಲಾದ ಎದುರು ನಿಂತೆ. ಸಣ್ಣ ಧಣಿ ತಲೆ ಎತ್ತಿ ನಕ್ಕ.

"ಗೊತ್ತಾಯ್ತು ಮಾಮಿ, ನನಗೂ ಕೇಳ್ತದೆ ಸದ್ದು. ಫಿಟರ್‌ಗೆ ಬೋಲ್ ದಿಯಾ, ಬರ್ತಾನೆ. ಟೆನ್ಶನ್ ಮಾಡ್ಬೇಡಿ. ಮಾಮನಿಗೆ ನಿದ್ರೆ ಹಾಳಾಗ್ತದಾ?"

ಇಷ್ಟು ನಯವಾಗಿ ಮಾತಾಡುವವರನ್ನು ನಂಬುವ ಪೈಕಿ ನಾನಲ್ಲ. ದೊಡ್ಡ ಧಣಿಗಳು ಬೈದರೆ ಇಡೀ ಹೋಟೆಲಿಗೆ ಕೇಳುತ್ತಿತ್ತು, ಆದರೆ ಅವರ ಹೊಟ್ಟೆಯೊಳಗೆ ಏನಿದೆ ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಇವನ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವುದು ಹೇಗೆ?

ಫಿಟರ್ ಬಂದ. ಬಿಜಾಪುರದ ಕಡೆಯವನು, ಈ ಭಾಗದ ಹೋಟೆಲುಗಳ ಪೈಪು, ನಲ್ಲಿ, ಬಾಯ್ಲರ್ ಎಲ್ಲ ಅವನ ಕೈಯಲ್ಲೇ. ಬಾಯಿ ಮಾತ್ರ ಸುಮ್ಮನಿರದು. ಮೊದಲು ಕೆಳಗೆ ಅಡುಗೆಮನೆಗೆ ಹೋಗಿ ಏನೋ ಮಾಡಿ, ಆಮೇಲೆ ಮೇಲೆ ಬಂದು ಗೋಡೆಗೆ ಕಿವಿ ಕೊಟ್ಟ.

"ಅಮ್ಮಾರ, ಈ ಟಣ್ ಟಣ್ ಅನ್ನೂದು ನೀರ್ರಿ. ಉಗಿ ತಣ್ಣಗಾಗಿ ನೀರಾಗಿ ಕೆಳಗ ಇಳದು ಹೋಗಬೇಕ್ರಿ. ಇಲ್ಲಿ ಕೊಂಡಿ ಸಡಲಾಗಿ ಪೈಪ್ ಜೋತು ಬಿದ್ದೈತಿ, ನೀರು ಅಲ್ಲೇ ನಿಂತೈತಿ. ಹಿಂದಿನಿಂದ ಉಗಿ ಬಂದು ಅದನ್ನ ಒದಿತೈತಿ, ಅದ ಈ ಸದ್ದು."

"ಕೊಂಡಿ ತಾನಾಗಿ ಸಡಿಲ ಆಯ್ತಾ, ಯಾರಾದ್ರೂ ಮಾಡಿದ್ರಾ?"

"ಯಾರ ಮಾಡ್ತಾರ್ರಿ? ವಯಸ್ಸಾತ್ರಿ ಪೈಪಿಗೆ. ನನಗೂ ಆಗೈತಿ, ನಿಮಗೂ ಆಗೈತಿ."

ಅವನ ನಾಲಿಗೆಗೆ ಬೆಂಕಿ ಹಾಕಬೇಕು ಎನಿಸಿತು. ಪೈಪಿನ ಕೆಳಗೆ ಒಂದು ಮರದ ತುಂಡು ಕೊಟ್ಟು ಎತ್ತಿ, ಹೊಸ ಕೊಂಡಿ ಬಿಗಿದ. ನಮ್ಮ ಸೀಟಿಯನ್ನೂ ಬಿಚ್ಚಿ ಬೇರೊಂದನ್ನು ಕೂರಿಸಿದ. "ಇನ್ನ ಗುಬ್ಬಿ ಹಂಗ ಮಲಗ್ರಿ" ಎಂದು ಹೋದ. ಮರುದಿನ ಟಣ್ ಟಣ್ ನಿಂತಿತ್ತು, ನಿಜ. ಸುಂಯ್ ಮಾತ್ರ ಹಿಂದಿಗಿಂತ ಜೋರಾಗಿ ಬಂತು, ಹೊಸ ಸೀಟಿಯ ಹೊಸ ಗಂಟಲಿನಲ್ಲಿ.

ಕಣ್ಣು ಕಾಣದವರಿಗೆ ಸದ್ದು ಎಷ್ಟು ದೊಡ್ಡದು ಎಂದು ನನಗೆ ಆಗ ತಿಳಿಯಿತು. ನನ್ನ ಗಂಡನಿಗೆ ಬಚ್ಚಲಿಗೆ ಹೋಗಲೇ ಭಯವಾಗತೊಡಗಿತು. ಸ್ನಾನಕ್ಕೆ ಹೋದರೆ ಬಾಗಿಲು ತೆರೆದೇ ಇಡಬೇಕು, ನಾನು ಹೊರಗೆ ನಿಂತು ಮಾತಾಡುತ್ತಲೇ ಇರಬೇಕು. ಒಂದು ದಿನ ಒದ್ದೆ ಮೈಯಲ್ಲೇ ಹೊರಗೆ ಬಂದರು.

"ನಾಲ್ಕು ದಿನ ನಿನ್ನ ತಂಗಿ ಮನೆಗೆ ಹೋಗುವ ಮಾರಾಯ್ತಿ. ಇದು ಸರಿ ಆದ ಮೇಲೆ ಬಂದ್ರಾಯ್ತು."

"ನಾವು ಇಳಿಯುದನ್ನೇ ಕಾಯ್ತಾ ಇದ್ದಾನೆ. ಹೋದ್ರೆ ಬರುವಾಗ ಬಾಗಿಲಿಗೆ ಬೇರೆ ಬೀಗ ಇರ್ತದೆ."

"ಅವ ನಮ್ಮ ಧಣಿಗಳ ಮಗ."

"ಮಗ ಆದ ಮಾತ್ರಕ್ಕೆ ಅಪ್ಪ ಆಗ್ತಾನಾ?"

ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ನನಗೆ ಸಂಕಟವಾಯಿತು, ಆದರೆ ಜಾಗ ಬಿಟ್ಟು ಕದಲುವುದು ನನ್ನಿಂದಾಗುತ್ತಿರಲಿಲ್ಲ.

ಇಷ್ಟರಲ್ಲಿ ನಾನೇ ಕಣ್ಣಾರೆ ಕಂಡದ್ದು ಒಂದು. ಕೊತ್ತಂಬರಿ ಸೊಪ್ಪು ತರಲು ಇಳಿದಿದ್ದೆ. ಅಡುಗೆಮನೆಯ ಹಿಂಬಾಗಿಲಲ್ಲಿ ಸಣ್ಣ ಧಣಿಯೂ ಫಿಟರನೂ ತಲೆಗೆ ತಲೆ ತಾಗಿಸಿ ನಿಂತಿದ್ದರು. "ಉಪರ್ ಕುಛ್ ಮತ್ ಬೋಲ್ನಾ" ಎಂದು ಸಣ್ಣ ಧಣಿ ಹೇಳಿದ್ದು ಸ್ಪಷ್ಟವಾಗಿ ಕೇಳಿತು. ಮೇಲೆ ಏನೂ ಹೇಳಬೇಡ. ಮೇಲೆ ಇರುವವರು ನಾವಿಬ್ಬರೇ, ನಮ್ಮ ಮೇಲೆ ಆಕಾಶ. ನನ್ನನ್ನು ಕಂಡದ್ದೇ ಇಬ್ಬರೂ ದೂರ ಸರಿದರು. ಫಿಟರ್ ಕೆಮ್ಮಿದ. ಸಣ್ಣ ಧಣಿ "ಮಾಮಿ, ಮಸಾಲೆ ದೋಸೆ ಕಳಿಸ್ಲಾ ಮೇಲೆ?" ಎಂದ.

ದೋಸೆಯಂತೆ! ಸಂಶಯ ಸಂಶಯ ಎಂದು ನನ್ನನ್ನು ಆಡಿಕೊಳ್ಳುತ್ತಿದ್ದವರೆಲ್ಲ ಆಗ ಅಲ್ಲಿ ಇರಬೇಕಿತ್ತು. ಇಬ್ಬರೂ ಸೇರಿಯೇ ನಮ್ಮನ್ನು ಓಡಿಸುವ ಹುನ್ನಾರ ಮಾಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಹೀಗೆ ಬಿಟ್ಟರಾಗದು, ನಾನೇ ಪತ್ತೆ ಹಚ್ಚುತ್ತೇನೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಬಾಯ್ಲರ್ ಹೊತ್ತಿಸುವ ಮೊದಲೇ ಕೆಳಗೆ ಹೋಗಿ, ತೆಂಗಿನಕಾಯಿ ತುರಿಯುವ ಮಣೆಯ ಹತ್ತಿರ ಕೂತೆ. ಅಡುಗೆಯವರಿಗೆ ನಾನು ಹೊಸಬಳಲ್ಲ. "ಎಂತ ಅಮ್ಮ ಇಷ್ಟು ಬೇಗ?" ಎಂದರು. "ನಿದ್ರೆ ಬರ್ಲಿಲ್ಲ, ನಿಮಗೆ ನಾಲ್ಕು ಕಾಯಿ ತುರಿದು ಕೊಡುವ ಅಂತ" ಎಂದೆ. ಕೈ ತುರಿಯುತ್ತಿತ್ತು, ಕಣ್ಣು ಪೈಪಿನ ಮೇಲಿತ್ತು. ಬಾಯ್ಲರ್ ಹೊತ್ತಿತು, ಪೈಪು ಬಿಸಿಯಾಯಿತು. ಇಡ್ಲಿ ಪೆಟ್ಟಿಗೆಯ ಮೇಲಿನ ಸೀಟಿ ಉಸಿರೆತ್ತಲಿಲ್ಲ. ಅನ್ನದ ಹಂಡೆಯದ್ದೂ ಇಲ್ಲ, ಸಾಂಬಾರಿನದ್ದೂ ಇಲ್ಲ. ಮೊದಲೆಲ್ಲ ಆ ಹೊತ್ತಿಗೆ ಮೂರೂ ಸೇರಿ ಸುಸ್ ಸುಸ್ ಎಂದು ಗಲಾಟೆ ಮಾಡುತ್ತಿದ್ದವು. ಈಗ ಸದ್ದು ಬಂದದ್ದು ಮೇಲಿಂದ, ನಮ್ಮ ಬಚ್ಚಲಿನಿಂದ ಮಾತ್ರ. ಇಡೀ ಹೋಟೆಲಿನ ಪೈಪಿನ ಗಾಳಿಯೆಲ್ಲ ನಮ್ಮ ಒಂದು ಸೀಟಿಯ ಸೂಜಿ ತೂತಿನಿಂದ ಹೊರಗೆ ಹೋಗಬೇಕು. ಅರಚದೆ ಇನ್ನೇನು ಮಾಡೀತು? ಕೆಟ್ಟದ್ದು ಕೂಗುವ ಸೀಟಿಯಲ್ಲ, ಬಾಯಿ ಮುಚ್ಚಿ ಕೂತ ಈ ಮೂರು. ಇವುಗಳ ಬಾಯಿ ಮುಚ್ಚಿಸಿದವರು ಯಾರು ಎಂದು ತಿಳಿದರೆ ಸಾಕಿತ್ತು ನನಗೆ.

ಮಧ್ಯಾಹ್ನ ಊಟದ ಗಿರಾಕಿಗಳು ಖಾಲಿಯಾಗಿ ಸಂಜೆಯ ತಿಂಡಿ ಶುರುವಾಗುವ ನಡುವೆ ಬಾಯ್ಲರ್ ಆರಿಸುತ್ತಾರೆ. ಆ ಹೊತ್ತಿಗೆ ಫಿಟರ್ ಅಲ್ಲಿ ಚಾ ಕುಡಿಯಲು ಬರುವುದು ನನಗೆ ಗೊತ್ತಿತ್ತು. ಹೋಗಿ ಅವನ ಎದುರು ನಿಂತೆ.

"ಇಡ್ಲಿ ಪೆಟ್ಟಿಗೆಯ ಸೀಟಿ ಬಿಚ್ಚು. ನಾನು ನೋಡ್ಬೇಕು."

"ಆಮ್ಯಾಲೆ ಬಿಚ್ಚೂಣ್ರಿ ಅಮ್ಮಾರ. ಚಾ ಆರ್ತೈತಿ."

"ಈಗ ಬಿಚ್ಚು. ಇಲ್ಲದಿದ್ರೆ ಇಲ್ಲೇ ನಿಂತು ನಾಲ್ಕು ಜನ ಸೇರುವ ಹಾಗೆ ಕಿರುಚ್ತೇನೆ."

ಅವನು ಗಲ್ಲಾದ ಕಡೆ ನೋಡಿದ. ನಾನು ಕಿರುಚುವವಳೇ ಎಂದು ನನ್ನ ಮುಖದಲ್ಲಿ ಕಂಡಿರಬೇಕು. ಚಾ ಕೆಳಗಿಟ್ಟು ಪಾನಾ ತೆಗೆದು ತಿರುಗಿಸಿದ. ಸೀಟಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಅದರ ನೆತ್ತಿಯಲ್ಲಿ ತೂತೇ ಇರಲಿಲ್ಲ. ಅಲ್ಲಿ ಗಟ್ಟಿಯಾಗಿ ಒಣಗಿದ ಹಳದಿ ಪದರ, ಅದರ ನಡುವೆ ಕೆಂಪು. ಉಗುರಿನಿಂದ ಕೆರೆದೆ. ಬಿಸಿಗೆ ಬೆಂದು ಕಲ್ಲಾಗಿದ್ದರೂ ಮೂಗಿನ ಹತ್ತಿರ ತಂದಾಗ ವಾಸನೆ ಉಳಿದಿತ್ತು. ಗಂಧ. ಮೇಲೆ ಕುಂಕುಮ.

ಆ ಗಂಧವನ್ನು ತೇದುಕೊಟ್ಟ ಕೈ ನನ್ನದು, ಅದನ್ನು ಅಲ್ಲಿ ಹಚ್ಚಿದ ಕೈ ನನ್ನ ಗಂಡನದು. ನವರಾತ್ರಿಯಲ್ಲಿ ಆಯುಧ ಪೂಜೆಯ ದಿನ ಹೋಟೆಲಿನ ಗ್ರೈಂಡರ್, ಕಾವಲಿ, ಬಾಯ್ಲರ್, ಒಂದೊಂದು ನಲ್ಲಿಗೂ ಗಂಧ ಕುಂಕುಮ ಇಡುವವರು ಅವರೇ. ಕೆಲಸ ಬಿಟ್ಟ ಮೇಲೂ ಆ ಒಂದು ದಿನ ಕಚ್ಚೆ ಪಂಚೆ ಉಟ್ಟು ಕೆಳಗಿಳಿಯುತ್ತಾರೆ, ಹುಡುಗರೆಲ್ಲ ದಾರಿ ಬಿಟ್ಟು ನಿಲ್ಲುತ್ತಾರೆ. ಹೋಟೆಲಿನಲ್ಲಿ ಅವರಿಗೆ ಉಳಿದ ಮರ್ಯಾದೆ ಅದೊಂದೇ. ಕಣ್ಣಿದ್ದಾಗ ಉಂಗುರ ಬೆರಳಿನಿಂದ ಒಂದು ಬೊಟ್ಟು ಇಡುತ್ತಿದ್ದರು. ಆ ವರ್ಷದಿಂದ ಉಳಿದಿದ್ದ ಮಂಜು ನೋಟವೂ ಹೋಗಿ ಇಟ್ಟದ್ದು ಕಾಣದು. ಮುಟ್ಟಿ ನೋಡಿ, ಸಾಕಾಗಲಿಲ್ಲವೋ ಏನೋ ಎಂದು ಮೇಲಿಂದ ಮೇಲೆ ಮೆತ್ತುತ್ತಾರೆ.

"ಮೂರೂ ಹಿಂಗ ಅದಾವ್ರಿ" ಎಂದ ಫಿಟರ್, ಸ್ವಲ್ಪ ದನಿ ತಗ್ಗಿಸಿ. "ಮೇಲಿನದಕ್ಕೆ ಮಾತ್ರ ಅವರು ಹಚ್ಚಿಲ್ರಿ."

ಅಷ್ಟರಲ್ಲಿ ಸಣ್ಣ ಧಣಿ ಬಂದು ಹಿಂದೆ ನಿಂತಿದ್ದ. ನನ್ನ ಕೈಯಲ್ಲಿದ್ದ ಸೀಟಿಯನ್ನು ನೋಡಿ ಫಿಟರನ ಕಡೆ ಕಣ್ಣು ಬಿಟ್ಟ.

"ಅವನನ್ನು ಯಾಕೆ ನೋಡ್ತೀ? ಬಿಚ್ಚಿಸಿದ್ದು ನಾನು. ನಿನಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು ಮಾಮಿ. ಮೊದಲ ದಿನವೇ ತೋರಿಸಿದ ಇವ. ಹೊಸ ಸೀಟಿಗೆ ಆರ್ಡರ್ ಹಾಕಿದ್ದೇನೆ. ನಿಮ್ಮದರ ಹಾಗಲ್ಲ, ಇದು ಹಳೇ ಸೈಜ್, ಸಿಗುದಿಲ್ಲ ಜಲ್ದಿ. ಕೆರೆದ್ರೆ ಒಳಗಿನದ್ದು ಹಾಳಾಗ್ತದೆ ಅಂದ."

"ಮತ್ತೆ ಹೇಳುದಕ್ಕೆ ಎಂತ ರೋಗ ನಿನಗೆ? ಆ ಮನುಷ್ಯ ಸ್ನಾನಕ್ಕೆ ಹೋಗ್ಲಿಕ್ಕೆ ಹೆದರ್ತಾ ಇದ್ದಾರೆ!"

"ಏನಂತ ಹೇಳುದು ಮಾಮನಿಗೆ? ನಿಮ್ಮ ಗಂಧದಿಂದ ಹೀಗಾಯ್ತು ಅಂತಲಾ? ಹೇಳಿದ್ರೆ ಬರುವ ವರ್ಷ ಅವರು ಕೆಳಗೆ ಇಳಿಯುದೇ ಇಲ್ಲ."

ಮಾತು ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ನನಗೆ ಮತ್ತೂ ಅನುಮಾನ. ನಮ್ಮನ್ನು ಎಬ್ಬಿಸಲು ಈಗ ಇವನ ಕೈಯಲ್ಲಿ ನಿಜವಾದ ಕಾರಣವೇ ಸಿಕ್ಕಿತಲ್ಲ ಎಂಬುದು ಆಗಲೇ ಹೊಳೆಯಿತು. ಯಾರು ಕೇಳಿದರೂ ಹೇಳಬಹುದು, ಮುದುಕನಿಂದ ಬಾಯ್ಲರ್ ಹಾಳಾಗುತ್ತಿದೆ ಎಂದು. ಹಾಗಾಗಿ ನೇರವಾಗಿಯೇ ಕೇಳಿದೆ.

"ಒಂದು ಮಾತು, ಸತ್ಯ ಹೇಳು. ನಿನಗೆ ನಮ್ಮ ಖೋಲಿ ಬೇಕಾ, ಬೇಡವಾ?"

ಅವನು ನನ್ನ ಕೈಯಿಂದ ಸೀಟಿ ತೆಗೆದು ಫಿಟರನ ಕೈಗೆ ಕೊಟ್ಟ.

"ಬೇಕು ಮಾಮಿ. ಝೂಟ್ ಯಾಕೆ ಹೇಳ್ಲಿ? ಸಾಮಾನು ಇಡ್ಲಿಕ್ಕೆ ಜಾಗ ಇಲ್ಲ ನನಗೆ. ಬಾಂದ್ರಾದಲ್ಲಿ ಗೋಡೌನ್ ಕೇಳಿದೆ, ಬಾಡಿಗೆ ಕೊಟ್ಟು ಆಗುವ ಹಾಗಿಲ್ಲ."

ಅಷ್ಟರಲ್ಲಿ ಫೋನ್ ಬಂತು. ಅದನ್ನು ಕಿವಿಗಿಟ್ಟುಕೊಂಡು ಹೊರಗೆ ಹೋದವನು ಮತ್ತೆ ಆ ಮಾತಿಗೆ ಬರಲಿಲ್ಲ.

ಹಾಗಾದರೆ ನನ್ನ ಸಂಶಯ ಸುಳ್ಳಾಗಿರಲಿಲ್ಲ, ನೆನಪಿಟ್ಟುಕೊಳ್ಳಿ. ನೆಲ ಅಳೆಯಲು ಬಂದವನು ನೆಲ ಅಳೆಯಲೇ ಬಂದಿದ್ದ. ಹೊಸ ಸೀಟಿಗಳು ಬಂದವು, ಮೂರನ್ನೂ ಬದಲಾಯಿಸಿದರು. ಮರುದಿನ ಬೆಳಿಗ್ಗೆ ಕೆಳಗಿನವು ಸುಸ್ ಎಂದವು, ನಮ್ಮದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. "ಅಂತೂ ಫಿಟರ್ ಗೆದ್ದ" ಎಂದು ನನ್ನ ಗಂಡ ಬಚ್ಚಲಿನ ಬಾಗಿಲು ಹಾಕಿಕೊಂಡು ಸ್ನಾನ ಮಾಡಿದರು. ಗಂಧದ ವಿಷಯವನ್ನು ನಾನು ಎತ್ತಲಿಲ್ಲ, ಖೋಲಿಯದ್ದನ್ನೂ ಎತ್ತಲಿಲ್ಲ. ಆದರೆ ಆ ವರ್ಷವಿಡೀ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ, ಇವತ್ತು ಬಂದ, ಇವತ್ತು ಕೇಳುತ್ತಾನೆ ಎಂದು ಕಾಯುತ್ತಿದ್ದೆ. ಯುಗಾದಿಗೆ ಕೇಳಲಿಲ್ಲ. ಮಳೆಗಾಲಕ್ಕೆ ಮೊದಲು ಕೇಳುತ್ತಾನೆ ಎಂದುಕೊಂಡೆ, ಆಗಲೂ ಕೇಳಲಿಲ್ಲ. ಕೇಳದೇ ಇದ್ದದ್ದು ನನಗೆ ಇನ್ನೂ ದೊಡ್ಡ ಸಂಶಯವಾಯಿತು. ಏನೋ ದೊಡ್ಡದೇ ಹೂಡುತ್ತಿದ್ದಾನೆ ಎಂದು ತಂಗಿಗೆ ಹೇಳಿದೆ. ಅವಳೂ ಹೂಂಗುಟ್ಟಿದಳು.

ಮತ್ತೆ ಆಯುಧ ಪೂಜೆ ಬಂತು. ನನ್ನ ಗಂಡ ಬೆಳಿಗ್ಗೆಯೇ ಮಿಂದು ಪಂಚೆ ಉಟ್ಟು ಕೂತರು. ನಾನು ಆ ಸಲ ಗಂಧವನ್ನು ಆದಷ್ಟು ತೆಳ್ಳಗೆ ತೇದಿದ್ದೆ. ಬಟ್ಟಲಿಗೆ ಬೆರಳದ್ದಿ ನೋಡಿ "ಇದೆಂತ ಮಾರಾಯ್ತಿ, ತೀರ್ಥವಾ ಗಂಧವಾ?" ಎಂದರು. "ಕೊರಡು ಸವೆದಿದೆ" ಎಂದೆ. ಅವರ ಕೈ ಹಿಡಿದು ಇಳಿಸಿದೆ. ಸೀಟಿಯ ಹತ್ತಿರ ಬಂದಾಗ ಹೇಗಾದರೂ ಮಾಡಿ ಅವರ ಕೈ ತಪ್ಪಿಸಬೇಕು ಎಂಬುದೇ ನನ್ನ ಯೋಚನೆ. ಈ ಸಲವೂ ಕಟ್ಟಿಕೊಂಡರೆ ಖೋಲಿ ಉಳಿಯದು ಎಂದು ನನಗೆ ನಾನೇ ತೀರ್ಮಾನ ಮಾಡಿಯಾಗಿತ್ತು.

ಬಾಯ್ಲರ್ ಆಯಿತು, ಗ್ರೈಂಡರ್ ಆಯಿತು, ಕಾವಲಿ ಆಯಿತು. ಇಡ್ಲಿ ಪೆಟ್ಟಿಗೆಯ ಹತ್ತಿರ ಬಂದೆವು. ನಾನು ಮುಂದೆ ನುಗ್ಗಿದವಳು ಹಾಗೇ ನಿಂತೆ. ಸೀಟಿ ಕಾಣುತ್ತಿರಲಿಲ್ಲ. ಅದರ ಮೇಲೆ ಹೋಟೆಲಿನ ಸ್ಟೀಲಿನ ಕಾಫಿ ಲೋಟವೊಂದನ್ನು ಬೋರಲು ಹಾಕಿ, ಕೆಳಗಿನ ಅಂಚಿಗೆ ಚೆಂಡುಹೂವಿನ ಮಾಲೆ ಸುತ್ತಿ ಕಟ್ಟಿದ್ದರು. ಅನ್ನದ ಹಂಡೆಯ ಸೀಟಿಗೂ ಲೋಟ, ಸಾಂಬಾರಿನದ್ದಕ್ಕೂ ಲೋಟ. ಸಣ್ಣ ಧಣಿ ಒಡೆಯಲಿಕ್ಕಿದ್ದ ಬೂದುಗುಂಬಳಕಾಯಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು, ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ.

ನನ್ನ ಗಂಡನ ಕೈ ಲೋಟಕ್ಕೆ ತಾಗಿತು. ನಿಂತಿತು. ಬೆರಳು ಅದರ ಬುಡದ ಸುತ್ತ ಒಮ್ಮೆ ಮೆಲ್ಲನೆ ಹರಿದಾಡಿತು. ಆಮೇಲೆ ಅವರು ಬಟ್ಟಲಿಗೆ ಬೆರಳದ್ದಿ ಲೋಟದ ಮೇಲೆ ಗಂಧ ಹಚ್ಚಿದರು, ಅದರ ಮೇಲೆ ಕುಂಕುಮ. ಎರಡನೆಯದಕ್ಕೆ, ಮೂರನೆಯದಕ್ಕೆ ಹಾಗೆಯೇ. ಮಂಗಳಾರತಿ ಎತ್ತಿದರು. ಹುಡುಗರು ಕಾಲಿಗೆ ಬಿದ್ದರು. ಸಣ್ಣ ಧಣಿಯೂ ಬಿದ್ದ.

ಮೇಲೆ ಬಂದು ಕೈ ತೊಳೆಯುವಾಗ ಅವರು ತಮ್ಮಷ್ಟಕ್ಕೆ ನಕ್ಕರು.

"ನನ್ನ ಕೈಯಲ್ಲಿ ಲೋಟಕ್ಕೆ ಪೂಜೆ ಮಾಡಿಸಿದ ಹುಡುಗ."

"ಗೊತ್ತಾಯ್ತಾ ನಿಮಗೆ?"

"ಕಣ್ಣು ಹೋದದ್ದು ನನ್ನದು, ಕೈ ಅಲ್ಲ. ಕಾಫಿ ಲೋಟ ಮುಟ್ಟಿದ್ರೆ ಗೊತ್ತಾಗದಿದ್ರೆ ಇಷ್ಟು ವರ್ಷ ಹೋಟೆಲಲ್ಲಿ ಎಂತ ಮಾಡಿದ್ದು ನಾನು?" ಎಂದು ಸ್ವಲ್ಪ ತಡೆದು ಕೇಳಿದರು. "ಕಳೆದ ವರ್ಷ ಆ ಸದ್ದು ನನ್ನ ಗಂಧದ್ದಾ?"

ನಾನು ಗಂಧದ ಬಟ್ಟಲನ್ನು ಅತ್ತಿಂದಿತ್ತ ಸರಿಸಿದೆ. ಅವರಿಗೆ ಅಷ್ಟು ಸಾಕಾಯಿತು. ಟವೆಲ್ ಹುಡುಕುತ್ತಾ ಹೇಳಿದರು.

"ಅದಕ್ಕೇ ಮುಚ್ಚಿದ್ದಾನೆ. ಬರ್ಬೇಡಿ ಅಂದಿದ್ರೆ ಸುಲಭ ಇತ್ತು ಅವನಿಗೆ."

ನನಗೆ ತಡೆಯಲಾಗಲಿಲ್ಲ. ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡದ್ದು ಬಾಯಿಗೆ ಬಂತು. "ನಿಮಗೆ ಗೊತ್ತಿಲ್ಲ. ಖೋಲಿ ಬೇಕು ಅಂತ ಅವನೇ ಬಾಯಿ ಬಿಟ್ಟು ಹೇಳಿದ್ದಾನೆ ನನ್ನ ಹತ್ರ. ಸಾಮಾನಿಗೆ ಜಾಗ ಇಲ್ಲವಂತೆ ಅವನಿಗೆ."

"ಹೇಳಿದ್ದು ಯಾವಾಗ?"

"ಕಳೆದ ವರ್ಷ."

"ಆಮೇಲೆ ಕೇಳಿದ್ನಾ?"

"ಇಲ್ಲ."

"ಬೇಕಿದ್ದೂ ಕೇಳ್ಲಿಲ್ಲ ಅಲ್ವಾ ಮಾರಾಯ್ತಿ" ಎಂದು ಮುಖ ಒರೆಸಿಕೊಂಡರು.

ಆ ಒಂದನ್ನು ನಾನು ಯೋಚಿಸಿಯೇ ಇರಲಿಲ್ಲ. ಗಂಧದ ಬಟ್ಟಲು ತೊಳೆಯುವ ನೆಪ ಮಾಡಿ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಎದೆ ಹಗುರಾಗುವಷ್ಟು ಅತ್ತೆ.